ಸಿತಾರಾದ ಗೆರೆ

೬ ಜುಲೈ ೨೦೦೮, ಭಾನುವಾರ

ಮುನೇಶ ಇಂದು ಶೋರೂಮಿನಿಂದ ಹೊಸ ಮಾದರಿಯ ಸಿತಾರಾ ಕಾರು ತಂದು ಕಾಫಿ ಅಂಗಡಿಯ ಮುಂದೆ ನಿಲ್ಲಿಸಿದ. ಮೈಸೂರು ರಸ್ತೆಯ ಪೆಟ್ರೋಲ್ ಬಂಕಿನ ಪಕ್ಕದ ಈ ಅಂಗಡಿಯಲ್ಲಿ ನಾವು ಏಳು ವರ್ಷದಿಂದ ಭಾನುವಾರ ಬೆಳಿಗ್ಗೆ ಸೇರುತ್ತಿದ್ದೇವೆ. ಕಾರಿದ್ದವರೂ ಇದ್ದಾರೆ, ಕಾರಿನ ಹುಚ್ಚು ಮಾತ್ರ ಇದ್ದವರೂ ಇದ್ದಾರೆ. ಯಾವ ಹೊಸ ಗಾಡಿ ಬಂದರೂ ಮೊದಲು ಗದ್ದಲವಾಗುತ್ತಿತ್ತು. ಇವತ್ತು ಆಗಲಿಲ್ಲ. ಎಲ್ಲರೂ ಒಂದು ಸುತ್ತು ಹಾಕಿ ಮುಂದಕ್ಕೆ ಬಂದರು, ಮತ್ತೆ ಹಿಂದಕ್ಕೆ ಹೋದರು, ಮತ್ತೆ ಮುಂದಕ್ಕೆ ಬಂದರು.

ಮುಂಭಾಗ ಚೆನ್ನಾಗಿದೆ. ದೀಪಗಳನ್ನು ಹಿಂದಕ್ಕೆ ಎಳೆದು ಉದ್ದ ಮಾಡಿದ್ದಾರೆ. ಆದರೆ ಡಿಕ್ಕಿಯನ್ನು ಮೋಟು ಮಾಡಿಬಿಟ್ಟಿದ್ದಾರೆ. ಗಾಡಿ ನಾಲ್ಕು ಮೀಟರಿನೊಳಗೆ ಮುಗಿದರೆ ತೆರಿಗೆ ಕಡಿಮೆಯಂತೆ, ಅದಕ್ಕೆ.

“ಮುಂದ್ಲಿಂದ ಮದುವೆ ಗಂಡು ಬಂದಂಗೈತೆ, ಹಿಂದ್ಲಿಂದ ಅವನ್ನೇ ಯಾರೋ ಕತ್ತು ಹಿಡ್ದು ಆಚೆಗೆ ನೂಕ್ದಂಗೈತೆ,” ಎಂದರು ಚೆಲುವಯ್ಯನವರು. ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿದವರು, ಅವರಿಗೆ ಉದ್ದ ಇದ್ದರೇ ಗಾಡಿ.

ಸ್ವಾಮಿ ಡಿಕ್ಕಿ ತೆಗೆದು, ಮುಚ್ಚಿ, ಮತ್ತೆ ತೆಗೆದ. ವಿರೂಪಾಕ್ಷಿಪುರದಿಂದ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡನ್ನೂ ಹಳೆಯ ಸಿತಾರಾದಲ್ಲೇ ತರುವ ಆಸಾಮಿ. “ಇದ್ರಲ್ಲಿ ಗೂಡಿನ ಚೀಲ ಎಲ್ ಮಡಗನ್ಲಾ ಮುನೇಶ?” ಎಂದ. ಎಂದವನೇ, ಆಯುಧಪೂಜೆಗೆ ಗಾಡಿ ಕೈಗೆ ಬರಬೇಕೆಂದು ಹೋದ ವಾರವೇ ಬುಕ್ ಮಾಡಿರುವುದನ್ನೂ ಹೇಳಿದ. ಚೆನ್ನಾಗಿದೆಯೋ ಇಲ್ಲವೋ ಅವನಿಗೇ ತಿಳಿದಂತಿರಲಿಲ್ಲ.

ಕೊನೆಗೆ ಎಲ್ಲರೂ ನನ್ನ ಮುಖ ನೋಡಿದರು. ಇಪ್ಪತ್ತೆರಡು ವರ್ಷದಿಂದ ಟಿಂಕರಿಂಗ್ ಮಾಡುತ್ತಿದ್ದೇನೆ, ಗಾಡಿಯ ಮೈ ವಿಷಯದಲ್ಲಿ ಇಲ್ಲಿ ನನ್ನದೇ ಕೊನೆಯ ಮಾತು. ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು, ಎಂದಿನಂತೆ ಎಡಗಣ್ಣು ಮುಚ್ಚಿ, ಮುಂದೀಪದಿಂದ ಹಿಂದೀಪದವರೆಗೆ ಬಾಗಿಲುಗಳ ಮೇಲೆ ಹಾಯ್ದಿರುವ ಗೆರೆಯ ಗುಂಟ ನೋಡಿದೆ. ಹಿಂದಿನ ಬಾಗಿಲ ಹಿಡಿಕೆಯ ಹತ್ತಿರ ಗೆರೆ ಒಳಕ್ಕೆ ಬಾಗಿ ಮತ್ತೆ ಎದ್ದಿದೆ. ನೀರಿನಲ್ಲಿ ಬಿದ್ದ ದಾರದಂತೆ.

“ಗೆರೆ ಸೊಟ್ಟ ಐತೆ,” ಎಂದೆ.

ಮುನೇಶನ ಮುಖ ಸಣ್ಣಗಾಯಿತು. ಶೋರೂಮಿನ ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿಲ್ಲ. ಆದರೆ ಇರುವುದನ್ನು ಹೇಳಲೇಬೇಕಲ್ಲ.

೧೧ ಜುಲೈ, ಶುಕ್ರವಾರ

ನನ್ನ ಟಿಂಕರಿಂಗ್ ಅಂಗಡಿಯ ಜಾಗದ ಮಾಲೀಕ ಅಂಕಯ್ಯ ಬಂದಿದ್ದ. ಜಾಗವನ್ನು ಯಾವುದೋ ಕಂಪನಿಯ ಗೋದಾಮಿಗೆ ಕೊಟ್ಟುಬಿಟ್ಟಿದ್ದಾನಂತೆ, ದಸರಾ ಕಳೆಯುತ್ತಲೇ ಖಾಲಿ ಮಾಡಬೇಕು. ಬಿಡದಿಯ ಕಡೆಯಿಂದ ಶೆಡ್ಡುಗಳು ಒಂದೊಂದಾಗಿ ಇತ್ತ ಬರುತ್ತಿವೆ ಎಂದು ನೋಡುತ್ತಲೇ ಇದ್ದೆ, ನನ್ನ ಅಂಗಡಿಯ ಮೇಲೇ ಬರುತ್ತವೆ ಎಂದುಕೊಂಡಿರಲಿಲ್ಲ. ಜಬ್ಬಾರನಿಗೆ ಹೇಳಿದೆ. ಅವನು ಪೇಂಟ್ ಕಲಸುತ್ತಿದ್ದವನು ತಲೆ ಎತ್ತದೆ, “ನೋಡಾಣ ರಾಜು,” ಎಂದ. ಹದಿನೆಂಟು ವರ್ಷ ಜೊತೆಗೆ ಕೆಲಸ ಮಾಡಿದವನು ಹೇಳುವ ಮಾತೇ ಇದು? ಊರಿಗೆಲ್ಲ ಅನಂತನಾದ ನನ್ನನ್ನು ರಾಜು ಎನ್ನುವವನು ಅವನೊಬ್ಬನೇ.

ಉಬ್ಬಸ ಜಾಸ್ತಿಯಾಗಿದೆ. ಮೆಡಿಕಲ್ ಶಾಪಿನವನ ಬಿಳಿ ಮಾತ್ರೆಯನ್ನು ದಿನಕ್ಕೆ ಎರಡು ಮಾಡಿಕೊಂಡಿದ್ದೇನೆ.

೧೩ ಜುಲೈ, ಭಾನುವಾರ

ನಾನೊಬ್ಬನೇ ಶೋರೂಮಿಗೆ ಹೋಗಿ ಇನ್ನೊಂದು ಸಿತಾರಾ ನೋಡಿ ಬಂದೆ. ಬೆಳ್ಳಿ ಬಣ್ಣದ್ದು. ಅದರಲ್ಲೂ ಗೆರೆ ಬಾಗಿದೆ. ಆದರೆ ಹಿಂದಿನ ಬಾಗಿಲಲ್ಲಲ್ಲ, ಮುಂದಿನದರಲ್ಲಿ. ಒಂದೊಂದು ಗಾಡಿಯಲ್ಲಿ ಒಂದೊಂದು ಕಡೆ ಬಾಗುವುದು ಹೇಗೆ? ಅಚ್ಚೇ ಕೆಟ್ಟಿದ್ದರೆ ಎಲ್ಲದರಲ್ಲೂ ಒಂದೇ ಜಾಗದಲ್ಲಿ ಬಾಗಬೇಕಿತ್ತು. ದೊಡ್ಡ ಕಾರ್ಖಾನೆಯಲ್ಲಿ ಏನು ಬೇಕಾದರೂ ಆಗಬಹುದು.

ಗುಂಪಿನಲ್ಲಿ ಹೇಳಿದೆ. ಸ್ವಾಮಿ ಅಲ್ಲೇ ಶೋರೂಮಿಗೆ ಫೋನು ಮಾಡಿ ಬುಕಿಂಗ್ ಬೇಡವೆಂದ. “ಅನಂತಣ್ಣ ಸೊಟ್ಟ ಅಂದ್ಮೇಲೆ ಸೊಟ್ಟನೇ ಕಣ್ಲಾ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಬುಕ್ ಮಾಡಿದ್ದ ಅಕ್ಕೂರಿನ ಇಬ್ಬರು ಕೂಡ ಹಾಗೇ ಮಾಡುವುದಾಗಿ ಹೇಳಿಕೊಂಡು ಹೋದರು. ನನಗೆ ಒಳಗೊಳಗೇ ಹೆಮ್ಮೆಯಾಯಿತು, ಸುಳ್ಳು ಏಕೆ ಬರೆಯಲಿ.

೨೪ ಜುಲೈ, ಗುರುವಾರ

ಇತ್ತೀಚೆಗೆ ಜಬ್ಬಾರ್ ನನಗಿಂತ ಮೊದಲೇ ಬಂದು ಬಾಗಿಲು ತೆಗೆದಿರುತ್ತಾನೆ. ನಾನು ಹೋಗುವಾಗ ಕೈಯಲ್ಲಿ ವಾಟರ್ ಪೇಪರ್ ಇರುತ್ತದೆ, ನೆಲದ ಮೇಲೆ ಉಜ್ಜಿದ ಪುಡಿ ಇರುತ್ತದೆ. ಏನೆಂದು ಕೇಳಿದರೆ “ಸುಮ್ನೆ” ಎನ್ನುತ್ತಾನೆ. ಬೇರೆ ಅಂಗಡಿ ನೋಡಿಕೊಂಡು ಹೋಗುವ ಯೋಚನೆಯೋ, ನನಗೆ ತಿಳಿಯದೆ ಹೊರಗಿನ ಕೆಲಸ ಹಿಡಿದಿದ್ದಾನೋ ಗೊತ್ತಾಗುತ್ತಿಲ್ಲ.

೩ ಆಗಸ್ಟ್, ಭಾನುವಾರ

ಇವತ್ತಿನಷ್ಟು ಗೊಂದಲ ಎಂದೂ ಆಗಿರಲಿಲ್ಲ.

ಮುನೇಶ ಕಂಪನಿಯ ಒಬ್ಬ ಎಂಜಿನಿಯರನ್ನು ಕರೆದುಕೊಂಡು ಬಂದ. ಸಣ್ಣ ವಯಸ್ಸು, ಮರ್ಯಾದಸ್ಥ. ಗಾಡಿಯನ್ನು ನೆರಳಿಗೆ ನಿಲ್ಲಿಸಿ, “ಎಲ್ಲಿ ಅಂತ ತೋರಿಸಿ ಸಾರ್, ನಮಗೂ ಉಪಯೋಗ ಆಗುತ್ತೆ,” ಎಂದ.

ಚೆಲುವಯ್ಯನವರು ಮುಂದಿನ ಬಾಗಿಲು ತೋರಿಸಿದರು. ಸ್ವಾಮಿ ಹಿಂದಿನದು. ಅಕ್ಕೂರಿನವನು ಆಚೆ ಮಗ್ಗುಲಿಗೇ ಹೋಗಿ, “ಇಲ್ಲೈತೆ, ಬ್ಯಾಟ್ರಿ ಲೈಟ್ ಬುಟ್ಕೊಂಡು ನೋಡಿ,” ಎಂದ. ಹೋದ ತಿಂಗಳು ಒಬ್ಬರಿಗೂ ಏನೂ ಕಂಡಿರಲಿಲ್ಲ, ಈಗ ಎಲ್ಲರಿಗೂ ಕಾಣುತ್ತಿದೆ. ಆದರೆ ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣುತ್ತಿಲ್ಲ. ಅವರವರಲ್ಲೇ ಜಗಳ ಹತ್ತಿತು.

ಎಂಜಿನಿಯರು ಮೀಟರುದ್ದದ ಸ್ಟೀಲ್ ಸ್ಕೇಲು ತೆಗೆದು ಗೆರೆಗೆ ತಾಗಿಸಿ ಹಿಡಿದ. “ನೋಡಿ ಸಾರ್, ಎಲ್ಲೂ ಸಂದಿಲ್ಲ.” ನಾನು ಕೂತು ನೋಡಿದೆ. ಸಂದಿರಲಿಲ್ಲ, ನಿಜ. ಏಕೆಂದರೆ ಸ್ಕೇಲೂ ಅದೇ ಜಾಗದಲ್ಲಿ ಬಾಗಿತ್ತು.

“ನಿಮ್ ಸ್ಕೇಲೇ ಸೊಟ್ಟ ಐತಲ್ಲಪ್ಪ,” ಎಂದೆ.

ಎಂಜಿನಿಯರು ಸ್ಕೇಲನ್ನೂ ನನ್ನನ್ನೂ ನೋಡಿ ಅದನ್ನು ಚೀಲಕ್ಕೆ ಹಾಕಿಕೊಂಡ. ಮುನೇಶ ಮಾತ್ರ, “ಅಣ್ಣ, ನನ್ ಮೇಲೆ ಏನಾದ್ರೂ ಸಿಟ್ಟಿದ್ರೆ ನೇರ ಹೇಳ್ಬುಡಿ,” ಎಂದು ಹೇಳಿ ಕಾಫಿ ಕುಡಿಯದೆ ಹೋದ. ಅವನ ಮೇಲೆ ನನಗೇನು ಸಿಟ್ಟು? ಅಷ್ಟು ದೊಡ್ಡ ಕಂಪನಿ ಒಂದು ನೆಟ್ಟಗಿನ ಸ್ಕೇಲು ಇಟ್ಟುಕೊಳ್ಳಬಾರದೇ?

೪ ಆಗಸ್ಟ್, ಸೋಮವಾರ

ಸ್ಕೇಲಿನ ವಿಷಯವನ್ನೇ ಯೋಚಿಸುತ್ತಿದ್ದೆ. ಕೆಲಸ ಸಾಗಲಿಲ್ಲ.

೧೯ ಆಗಸ್ಟ್, ಮಂಗಳವಾರ

ಬೆಳಿಗ್ಗೆ ಹೆಂಡತಿ ಜ್ಯೋತಿ ರಂಗೋಲಿ ಹಾಕುತ್ತಿದ್ದಳು. ಚುಕ್ಕಿ ಸಾಲು ಸೊಟ್ಟ ಹೋಗಿದೆ ಎಂದೆ. ಅವಳು ಎದ್ದು ನಿಂತು ರಂಗೋಲಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. “ಇಪ್ಪತ್ತು ವರ್ಷದಿಂದ ನೆಟ್ಟಗಿದ್ದದ್ದು ಈಗ ಸೊಟ್ಟ ಆಯ್ತಾ? ನಿಮಗೆ ಇತ್ತೀಚೆಗೆ ಏನು ಕಂಡ್ರೂ ಆಗದು,” ಎಂದಳು. ಅಂಗಡಿಯ ಚಿಂತೆಯನ್ನು ಮನೆಯಲ್ಲಿ ತೀರಿಸಿಕೊಳ್ಳುತ್ತಿದ್ದೇನೆ ಎಂದು ಅವಳ ಲೆಕ್ಕ. ಇರಬಹುದು.

ಬಿಸಿಲಿನಿಂದ ಒಳಗೆ ಬಂದಾಗ ಕಣ್ಣೆದುರು ಬೂದು ಬಣ್ಣದ ಒಂದು ಬಿಲ್ಲೆ ನಿಲ್ಲುತ್ತದೆ. ನೆಗ್ಗು ತುಂಬಲು ಮೆತ್ತುವ ಪುಟ್ಟಿಯನ್ನು ಉಜ್ಜಿದ ಧೂಳು ಕಣ್ಣಿಗೆ ಬೀಳುತ್ತಿರಬೇಕು. ತೊಳೆದುಕೊಂಡರೂ ಹೋಗುವುದಿಲ್ಲ.

೩೧ ಆಗಸ್ಟ್, ಭಾನುವಾರ

ಮುನೇಶ ಬರಲಿಲ್ಲ. ಅವನನ್ನು ಕನಕಪುರದ ಶಾಖೆಗೆ ಹಾಕಿದ್ದಾರಂತೆ. ರಾಮನಗರದಲ್ಲಿ ಸಿತಾರಾ ಕೇಳುವವರೇ ಇಲ್ಲವಾಯಿತು ಎಂದು ಮೇಲಿನವರು ಅವನನ್ನೇ ಹಿಡಿದುಕೊಂಡರಂತೆ. ಅವನ ಮನೆ ಇಲ್ಲಿ, ತಾಯಿಗೆ ಹುಷಾರಿಲ್ಲ.

ಎಲ್ಲರೂ ಕಂಪನಿಯನ್ನು ಬೈದರು. ನಾನೂ ಬೈದೆ. ಕಾಫಿ ಯಾಕೋ ಸೇರಲಿಲ್ಲ.

೫ ಸೆಪ್ಟೆಂಬರ್, ಶುಕ್ರವಾರ

ಇದನ್ನು ಸರಿಯಾಗಿ ಬರೆಯಬೇಕು.

ಮಧ್ಯಾಹ್ನ ಒಬ್ಬರ ಗಾಡಿಯ ಬಾಗಿಲಿಗೆ ಜಬ್ಬಾರ್ ಬಣ್ಣ ಹೊಡೆದಿದ್ದ. ಕೆಂಪು. ನನಗೆ ಅದು ಮಾಸಿದ ಹಾಗೆ, ಇಟ್ಟಿಗೆ ಪುಡಿಯ ಹಾಗೆ ಕಂಡಿತು. “ಬಣ್ಣ ಕೂಡಿಲ್ಲ,” ಎಂದೆ. ಅವನಿಗೆ ರಂಜಾನ್ ಉಪವಾಸ, ಬೆಳಗಿನಿಂದ ನೀರು ಕೂಡ ಕುಡಿದಿರಲಿಲ್ಲ. ಅದು ಗೊತ್ತಿದ್ದೂ ನಾನು ಬಿಡಲಿಲ್ಲ. ಅಂಗಡಿ ಹೇಗೂ ಹೋಗುತ್ತಿದೆ, ನೀನೂ ಕೆಲಸ ಕೆಡಿಸಿ ಹೋಗಬೇಕೆಂದಿದ್ದೀಯಾ, ಬೆಳಿಗ್ಗೆ ಮುಂಚೆ ಬಂದು ಯಾರ ಕೆಲಸ ಮಾಡಿಕೊಳ್ಳುತ್ತೀಯ ಎಂದೆಲ್ಲ ಕೇಳಿದೆ.

ಅವನು ಪೇಂಟ್ ಗನ್ ಕೆಳಗಿಟ್ಟ. “ನಿಂದೇ ಕೆಲಸ ಮಾಡ್ತಾ ಇದ್ದೆ ರಾಜು.”

“ಅಂದ್ರೆ?”

“ಎರಡು ತಿಂಗಳಾಯ್ತು. ನೀನು ಸಂಜೆ ಮಾಡಿಟ್ಟಿದ್ದ ಪುಟ್ಟೀನ ನಾನು ಬೆಳಿಗ್ಗೆ ಉಜ್ಜಿ ಮತ್ತೆ ಹಾಕ್ತಿದ್ದೆ. ಒಂದು ಕಡೆ ದಪ್ಪ, ಒಂದು ಕಡೆ ತೆಳು. ಗಿರಾಕಿ ಕಣ್ಣಿಗೆ ಬಿದ್ರೆ ನಿನ್ ಹೆಸರು ಹೋಯ್ತದಲ್ಲ.”

ಅವನು ನನ್ನ ತೋಳು ಹಿಡಿದು ಅಂಗಡಿಯ ರೋಲಿಂಗ್ ಶಟರಿನ ಮುಂದೆ ನಿಲ್ಲಿಸಿದ. ಅದನ್ನು ಅರ್ಧ ಎಳೆದ. “ಬಲಗಣ್ಣು ಮುಚ್ಚು. ಹೆಂಗೈತೆ ಪಟ್ಟಿ?”

ಶಟರಿನ ಅಡ್ಡಪಟ್ಟಿಗಳು ನೆಟ್ಟಗಿದ್ದವು. ಒಂದರ ಕೆಳಗೊಂದು, ಸರಿಯಾಗಿ.

“ಈಗ ಎಡಗಣ್ಣು ಮುಚ್ಚು.”

ನಡುವಿನ ನಾಲ್ಕೈದು ಪಟ್ಟಿಗಳು ಒಟ್ಟಿಗೆ ಒಳಕ್ಕೆ ಬಾಗಿದವು. ನಾನು ತಲೆ ಎಡಕ್ಕೆ ಸರಿಸಿದೆ, ಬಾಗು ಎಡಕ್ಕೆ ಬಂತು. ಬಲಕ್ಕೆ ಸರಿಸಿದೆ, ಬಲಕ್ಕೆ ಬಂತು. ನಾನು ಎಲ್ಲಿ ನೋಡಿದರೆ ಅಲ್ಲಿ.

“ಮೊದ್ಲೇ ಯಾಕೆ ಹೇಳ್ಲಿಲ್ಲ?” ಎಂದು ಕೇಳಿದೆ.

“ನಿಂಗೆ ಹೇಳದು ಹೆಂಗೆ ರಾಜು? ನೀನು ಕಂಪನಿಯೋರ ಸ್ಕೇಲನ್ನೇ ಸೊಟ್ಟ ಅಂದೋನು.”

೬ ಸೆಪ್ಟೆಂಬರ್

ಜ್ಯೋತಿಗೆ ಹೇಳಿದೆ. ಅವಳು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

೮ ಸೆಪ್ಟೆಂಬರ್, ಸೋಮವಾರ

ಬೆಂಗಳೂರಿನ ಕಣ್ಣಾಸ್ಪತ್ರೆಗೆ ಜ್ಯೋತಿಯೂ ಬಂದಿದ್ದಳು. ಡಾಕ್ಟರಮ್ಮ ಚೌಕಳಿ ಹಾಕಿದ ಒಂದು ಕಾಗದ ಕೊಟ್ಟು, ನಡುವಿನ ಚುಕ್ಕಿ ನೋಡುತ್ತಾ ಗೆರೆಗಳು ಕಂಡ ಹಾಗೆ ಬರೆಯಿರಿ ಎಂದರು. ನಾನು ಬರೆದದ್ದನ್ನು ಜ್ಯೋತಿ ನೋಡಿ ಮುಖ ತಿರುಗಿಸಿದಳು.

ಬಲಗಣ್ಣಿನ ಹಿಂಪರದೆಯ ಕೆಳಗೆ ನೀರು ಸೇರಿಕೊಂಡಿದೆಯಂತೆ. ಬಹಳ ಚಿಂತೆ ಮಾಡುವವರಿಗೆ ಬರುತ್ತದೆ, ಉಬ್ಬಸಕ್ಕೆಂದು ನುಂಗುತ್ತಿದ್ದ ಮಾತ್ರೆಯೂ ಕಾರಣವಿರಬಹುದು ಎಂದರು. ಆ ಮಾತ್ರೆ ಬಿಡಿಸಿ, ಉಬ್ಬಸದ ಡಾಕ್ಟರಿಗೆ ಬೇರೆ ಚೀಟಿ ಬರೆದುಕೊಟ್ಟರು. ಮೂರು ನಾಲ್ಕು ತಿಂಗಳಲ್ಲಿ ನೀರು ತಾನಾಗಿಯೇ ಇಂಗುವುದುಂಟು, ಇಂಗಿದ ಮೇಲೂ ಸ್ವಲ್ಪ ಸೊಟ್ಟ ಕಾಣುವುದು ಉಳಿಯಬಹುದಂತೆ.

“ನನ್ನ ಕೆಲಸ ಮಾಡಬಹುದಾ ಡಾಕ್ಟ್ರೇ?” ಎಂದು ಕೇಳಿದೆ.

“ನಿಮ್ಮ ಕೆಲಸ ಏನು?”

ಹೇಳಲು ಹೋದೆ. ನೆಗ್ಗು ತೆಗೆಯುವುದು ಎನ್ನಬೇಕೋ, ಸೊಟ್ಟ ಇದ್ದುದನ್ನು ನೆಟ್ಟಗೆ ಮಾಡುವುದು ಎನ್ನಬೇಕೋ ತಿಳಿಯಲಿಲ್ಲ. ಜ್ಯೋತಿಯೇ ಹೇಳಿದಳು.

೧೪ ಸೆಪ್ಟೆಂಬರ್, ಭಾನುವಾರ

ಗುಂಪಿನವರಿಗೆಲ್ಲ ನಿಜ ಹೇಳಿಬಿಟ್ಟೆ. ಗೆರೆ ಸೊಟ್ಟ ಇಲ್ಲ, ನನ್ನ ಕಣ್ಣೇ ಕೆಟ್ಟಿದೆ ಎಂದೆ. ನಗುತ್ತಾರೆ ಎಂದುಕೊಂಡಿದ್ದೆ, ಇಲ್ಲವೇ ಬೈಯುತ್ತಾರೆ ಎಂದು. ಅವರು ಒಪ್ಪಲೇ ಇಲ್ಲ.

“ನಿನ್ ಕಣ್ಣು ಕೆಟ್ಟಿದ್ರೆ ಕೆಡ್ಲಿ, ನನ್ ಕಣ್ಣಿಗೇನಾಗೈತೆ? ನಾನೇ ನೋಡಿವ್ನಿ,” ಎಂದ ಸ್ವಾಮಿ.

“ನಾ ಸೊಟ್ಟ ಅಂದ್ಮೇಲೆ ತಾನೇ ನೀ ನೋಡಿದ್ದು?”

“ಆಗ್ಲಿ, ನೋಡ್ದೆ ತಾನೆ?”

ಚೆಲುವಯ್ಯನವರು ನನ್ನನ್ನು ಪಕ್ಕಕ್ಕೆ ಕರೆದು, “ಕಂಪನಿಯೋರು ಏನಾದ್ರೂ ಹೆದರಿಸಿದ್ರೇನ್ಲಾ ಅನಂತ?” ಎಂದು ಮೆಲ್ಲಗೆ ಕೇಳಿದರು. ಸುಳ್ಳನ್ನು ನಂಬಿಸಲು ಒಂದು ಮಾತು ಸಾಕಾಗಿತ್ತು. ಇವತ್ತು ಒಂದು ಗಂಟೆ ಮಾತಾಡಿದರೂ ಆಗಲಿಲ್ಲ. ಒಂದು ಹಂತದಲ್ಲಿ ನನಗೇ ಅನುಮಾನ ಬಂತು: ಒಂದುವೇಳೆ ಗೆರೆಯೂ ಸೊಟ್ಟ ಇದ್ದು ನನ್ನ ಕಣ್ಣೂ ಸೊಟ್ಟ ಇದ್ದರೆ?

ಅದನ್ನು ಯಾರಿಗೂ ಹೇಳಲಿಲ್ಲ.

೧೭ ಸೆಪ್ಟೆಂಬರ್, ಬುಧವಾರ

ಬಸ್ಸಿನಲ್ಲಿ ಕನಕಪುರಕ್ಕೆ ಹೋದೆ. ಮುನೇಶ ಶೋರೂಮಿನ ಹೊರಗೆ ಬಂದು ನಿಂತೇ ಮಾತಾಡಿದ. ನಾನು ಡಾಕ್ಟರ ಚೀಟಿ ತೋರಿಸಿದೆ. ಅವನು ಓದಿ, ಮಡಚಿ, ನನ್ನ ಜೇಬಿಗೇ ಇಟ್ಟ.

“ವಾಸಿಯಾಗ್ಲಿ ಅಣ್ಣ,” ಎಂದ. “ಆದ್ರೆ ನಾನೀಗ ಯಾರ್ ಮನೆ ಬಾಗ್ಲಿಗೆ ಹೋಗಿ ಹೇಳ್ಲಿ? ದಿನಾ ಬೆಳಿಗ್ಗೆ ಅವ್ವನ್ನ ಪಕ್ಕದ ಮನೆಯೋರ ಕೈಲಿ ಬುಟ್ಟು ಬತ್ತೀನಿ. ನೀವು ಒಂದ್ ಸಲ, ಒಂದೇ ಸಲ, ಇನ್ನೊಬ್ಬರನ್ನ ಕೇಳಿ ನೋಡ್ಬೋದಿತ್ತು.”

ಗಿರಾಕಿ ಬಂದರು, ಒಳಗೆ ಹೋದ. ನಾನು ಬಸ್ ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಬಿಟ್ಟು ಮೂರನೆಯದು ಹತ್ತಿದೆ. ಯಾಕೆ ಬಿಟ್ಟೆನೋ ಗೊತ್ತಿಲ್ಲ.

೨೮ ಸೆಪ್ಟೆಂಬರ್, ಭಾನುವಾರ

ಚನ್ನಪಟ್ಟಣದ ಕಡೆ ಹೋಗುವ ರಸ್ತೆಯಲ್ಲಿ ಜಬ್ಬಾರ್ ಒಂದು ಶೆಡ್ಡು ಹುಡುಕಿದ್ದಾನೆ. ಜುಲೈಯಿಂದಲೇ ಹುಡುಕುತ್ತಿದ್ದನಂತೆ. ಬೆಳಕು ಚೆನ್ನಾಗಿದೆ ಎನ್ನುತ್ತಾನೆ. ಹಬ್ಬ ಮುಗಿದ ಮೇಲೆ ಸಾಮಾನು ಸಾಗಿಸಬೇಕು. ಈ ತಿಂಗಳೆಲ್ಲ ನಾನು ಬೋಲ್ಟು ಬಿಚ್ಚುವುದು, ಹಾಕುವುದು ಬಿಟ್ಟರೆ ಬೇರೆ ಕೆಲಸ ಮುಟ್ಟಿಲ್ಲ.

೬ ಅಕ್ಟೋಬರ್, ಸೋಮವಾರ

ಬೆಳಿಗ್ಗೆ ಅಂಗಡಿಯ ಮುಂದೆ ಹೊಸ ಸಿತಾರಾ ಬಂದು ನಿಂತಿತು. ಇಳಿದದ್ದು ಸ್ವಾಮಿಯ ಮಗಳು ಭಾನುಪ್ರಿಯ. ಮಾಗಡಿ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಅಪ್ಪ ಬೇಡವೆಂದ ಗಾಡಿಯನ್ನೇ ತನ್ನ ಸಂಬಳದ ಮೇಲೆ ಸಾಲ ಪಡೆದು, ಕನಕಪುರಕ್ಕೆ ಹೋಗಿ ಮುನೇಶನ ಕೈಯಲ್ಲೇ ತೆಗೆದುಕೊಂಡಿದ್ದಾಳೆ. ಮನೆ ಗೇಟಿನ ಕಲ್ಲುಕಂಬಕ್ಕೆ ಎಡಗಡೆಯ ಹಿಂದಿನ ಬಾಗಿಲು ತಗುಲಿ ನೆಗ್ಗಿದೆ. ಅಂಗೈಯಗಲ, ಸರಿಯಾಗಿ ಗೆರೆಯ ಮೇಲೆ.

“ಹಬ್ಬಕ್ಕೆ ಕೊಡ್ಬೇಕು ಅಂಕಲ್. ಇದು ಹಿಂಗಿದ್ರೆ ನಮ್ಮಪ್ಪ ವರ್ಷವೆಲ್ಲ ಹೇಳ್ತಾರೆ, ಗೆರೆ ಸೊಟ್ಟ ಅಂತ ನಾನು ಅವತ್ತೇ ಹೇಳ್ಲಿಲ್ವಾ ಅಂತ.”

ನನ್ನಿಂದ ಆಗುವುದಿಲ್ಲ, ಬೇರೆ ಕಡೆ ತೋರಿಸಮ್ಮ ಎಂದೆ. ಜಬ್ಬಾರ್ ಒಳಗಿನಿಂದಲೇ, “ಬುಟ್ಟು ಹೋಗಮ್ಮ, ಆಯ್ತದೆ,” ಎಂದ.

ಅವಳು ಹೋದ ಮೇಲೆ ಅವನ ಮೇಲೆ ರೇಗಿದೆ. ಅವನು ಬಾಗಿಲ ಒಳಹೊದಿಕೆ ಬಿಚ್ಚುತ್ತಾ, “ಕೈ ನಿಂದು, ಕಣ್ಣು ನಂದು. ಬಾ,” ಎಂದ.

೭ ಅಕ್ಟೋಬರ್, ಮಂಗಳವಾರ

ಒಳಗಿನಿಂದ ಕಬ್ಬಿಣದ ಗಟ್ಟಿ ಒತ್ತಿ ಹಿಡಿದು ಹೊರಗಿನಿಂದ ಸಣ್ಣ ಸುತ್ತಿಗೆಯಲ್ಲಿ ಬಡಿಯುತ್ತಾ ಹೋದೆ. ಜಬ್ಬಾರ್ ಹಿಂದಿನ ಚಕ್ರದ ಬಳಿ ಕೂತು ಹೇಳುತ್ತಿದ್ದ: “ಒಸಿ ಮ್ಯಾಲೆ. ಸಾಕು. ಮುಂದುಕ್ಕೆ ಬಾ. ಅಲ್ಲಲ್ಲ, ಅದನ್ನ ಬುಡು, ಅದು ಸರಿಗೈತೆ.” ಸರಿಯಾಗಿದೆ ಎಂದ ಜಾಗ ನನ್ನ ಕಣ್ಣಿಗೆ ಸೊಟ್ಟ. ಸೊಟ್ಟ ಎಂದ ಜಾಗ ನೆಟ್ಟಗೆ. ಎರಡು ಸಲ ಅವನ ಮಾತು ಮೀರಿ ಬಡಿದೆ, ಎರಡು ಸಲವೂ ಅವನು ಬೈಯದೆ, “ಮತ್ತೆ ತಕ್ಕೊ,” ಎಂದ. ಆಮೇಲೆ ಕಣ್ಣು ಮುಚ್ಚಿಕೊಂಡೇ ಅಂಗೈ ಆಡಿಸಿ ಕೆಲಸ ಮಾಡಿದೆ. ಅಂಗೈಗೆ ತಿಳಿಯುತ್ತದೆ. ಇಷ್ಟು ವರ್ಷ ಅದನ್ನು ಸರಿಯಾಗಿ ಕೇಳಿರಲಿಲ್ಲ, ಅಷ್ಟೆ.

ಪುಟ್ಟಿ ತೆಳುವಾಗಿ ಒಂದೇ ಪದರ ಸಾಕಾಯಿತು. ಜಬ್ಬಾರ್ ಬಣ್ಣ ಹೊಡೆದ. ಹೊಂದಿದೆಯೇ ಎಂದು ಅವನನ್ನೇ ಕೇಳಿದೆ. ಜ್ಯೋತಿ ಊಟ ತಂದಿದ್ದಳು, ಅವಳನ್ನೂ ಕೇಳಿದೆ.

೮ ಅಕ್ಟೋಬರ್, ಬುಧವಾರ. ಆಯುಧಪೂಜೆ

ಈ ಜಾಗದಲ್ಲಿ ಇದು ಕೊನೆಯ ಪೂಜೆ. ಸುತ್ತಿಗೆ, ಸ್ಪ್ಯಾನರು, ಪೇಂಟ್ ಗನ್ ಎಲ್ಲಕ್ಕೂ ಜ್ಯೋತಿ ಕುಂಕುಮ ಇಟ್ಟಳು. ಭಾನುಪ್ರಿಯ ಗಾಡಿ ತೆಗೆದುಕೊಳ್ಳಲು ಬಂದಳು, ಜೊತೆಗೆ ಮುನೇಶನೂ ಬಂದಿದ್ದ. ತಾನು ಕೊಟ್ಟ ಗಾಡಿ, ನೋಡದೆ ಬಿಡಲಾರ. ನೇರವಾಗಿ ಹಿಂದಿನ ಚಕ್ರದ ಬಳಿ ಕೂತು ಗೆರೆಯ ಗುಂಟ ನೋಡಿದ. ಎದ್ದು ಬಾಗಿಲ ಮೇಲೆ ಕೈಯಾಡಿಸಿದ. ಮತ್ತೆ ಕೂತ.

“ನೆಟ್ಟಗೈತಾ ಅಣ್ಣ?” ಎಂದ ಕೊನೆಗೆ.

“ನಂಗೊತ್ತಿಲ್ಲ ಮುನೇಶ. ಜಬ್ಬಾರ್ ಐತೆ ಅಂತಾನೆ. ನಿಂಗೆಂಗೆ ಕಾಣ್ತದೆ?”

ಅವನು ಎದ್ದು ಬಂದು ನನ್ನ ಪಕ್ಕದ ಡಬ್ಬದ ಮೇಲೆ ಕೂತ. “ನೆಟ್ಟಗೇ ಐತೆ,” ಎಂದ. ಭಾನುಪ್ರಿಯ ಚಕ್ರಕ್ಕೆ ನಿಂಬೆಹಣ್ಣು ಇಡುತ್ತಿದ್ದಳು. ಅವಳಿಗೆ ಕೇಳದಂತೆ ದನಿ ತಗ್ಗಿಸಿ, “ನಿಜ ಹೇಳ್ಲಾ? ಗೆರೆ ನೆಟ್ಟಗೈತೆ, ಗಾಡಿನೇ ನಂಗೆ ಹಿಡಿಸ್ಲಿಲ್ಲ. ಮೊದಲ್ನೇ ದಿನದಿಂದ. ಹಳೇದನ್ನ ಅವ್ರು ಮುಟ್ಲೇಬಾರ್ದಿತ್ತು,” ಎಂದ.

ಇದನ್ನು ಮಾರಲಿಕ್ಕೆ ಇಷ್ಟೆಲ್ಲ ಅನುಭವಿಸಿದವನು. ಎರಡು ದಿನ ಆ ಬಾಗಿಲ ಮೇಲೆ ಅಂಗೈ ಇಟ್ಟುಕೊಂಡಿದ್ದಕ್ಕೋ ಏನೋ, ನನಗೆ ಬೇರೆಯದೇ ಅನ್ನಿಸತೊಡಗಿತ್ತು.

“ನಂಗೀಗ ಇದೇ ಒಸಿ ಚೆಂದಾಗಿ ಕಾಣ್ತೈತಪ್ಪ,” ಎಂದೆ.

“ಯಾವ್ ಕಣ್ಣಲ್ಲಿ ಅಣ್ಣ?” ಎಂದ ಮುನೇಶ.

ಜಬ್ಬಾರ್ ನಕ್ಕ. ನಿಂಬೆಹಣ್ಣು ಒಡೆದು ಗಾಡಿ ಹೊರಟಿತು. ನಾನು ಒಂದೊಂದೇ ಕಣ್ಣು ಮುಚ್ಚಿ ನೋಡುವಷ್ಟರಲ್ಲಿ ಅದು ರಸ್ತೆಗೆ ಏರಿ, ಚನ್ನಪಟ್ಟಣದ ಕಡೆಗೆ ತಿರುಗಿ, ಬಸ್ಸಿನ ಹಿಂದೆ ಮರೆಯಾಗಿತ್ತು.